ಹಸಿದ ಕೌದಿ

ನಮ್ಮಜ್ಜಿ ಸುಭದ್ರಾಬಾಯಿ ತನ್ನ ಗಂಡ, ಮಕ್ಕಳು, ಮೊಮ್ಮಕ್ಕಳಿಗೆಲ್ಲ ಕೌದಿ ಹೊಲಿದವಳು. ಎಡಗೈಯವಳಾದ್ದರಿಂದ ಅವಳ ಹೊಲಿಗೆ ಎಡಕ್ಕೇ ವಾಲುತ್ತಿತ್ತು. ಕೊನೆಯ ಮೂಲೆಯೊಳಗೆ ರೊಟ್ಟಿಚೂರು ಇಟ್ಟೇ ಮುಚ್ಚುತ್ತಿದ್ದಳು. ಹಸಿದ ಕೌದಿ ನಿದ್ದೆ ಕೊಡುವುದಿಲ್ಲ ಎನ್ನುತ್ತಿದ್ದಳು. ಅಕ್ಕ ಶೈಲಶ್ರೀಯ ಕೂಸಿನ ಕೌದಿಗೆ ಆ ಮೂಲೆ ಮಾತ್ರ ಬಾಕಿಯಿರುವಾಗ ಅಜ್ಜಿ ಮಣ್ಣೂರಿನ ಮನೆಯಲ್ಲಿ ತೀರಿಕೊಂಡಳು.

ಅಂದಿನಿಂದ ಮೂರು ದಿನ ಕೂಸು ಕಣ್ಣು ಮುಚ್ಚಲಿಲ್ಲ. ಹಾಲೂ ಬಿಟ್ಟಿತು.

“ಯವ್ವಾ, ಆ ಮೂಲಿ ನೀನರ ಹೊಲಿ,” ಎಂದೆ.

“ಸೂಜಿ ಮುದುಕಿ ಸಂಗಾಟ ಹೋತೋ ಏನೋ, ಸಿಗವಲ್ದು. ಅಷ್ಟು ಓದಿದಿ, ನೀನೇ ಹುಡುಕಲೇ,” ಎಂದಳು ಅವ್ವ.

ಮಧ್ಯಾಹ್ನ ನಾವು ಮೂವರೂ ಅಂಗಳದಲ್ಲಿದ್ದಾಗ ಒಳಗಿನ ಅಳು ನಿಂತಿತು. ಓಡಿದೆವು. ಕೂಸು ಮಲಗಿತ್ತು. ಕೌದಿಯ ಮೂಲೆ ಮುಚ್ಚಿತ್ತು, ಹೊಲಿಗೆ ಎಡಕ್ಕೆ ವಾಲಿತ್ತು. ಅಕ್ಕ ಮೂಲೆ ಒತ್ತಿ ನೋಡಿ ಕೈ ಹಿಂತೆಗೆದಳು.

“ರೊಟ್ಟಿ ಬಿಸಿ ಅದಬೇ.”

ಸಾವಿನ ಮನೆ. ಮೂರು ದಿನದಿಂದ ನಾವು ಒಲೆ ಹೊತ್ತಿಸಿರಲಿಲ್ಲ.