ಸಾಕ್ಷಿಗೆ ಕೂತ ಸೊಸೆ

"ನನ್ನ ಕೊಲ್ಲೋದಕ್ಕೆ ಒಳ್ಳೇ ದಾರಿ ಹುಡುಕಿದೀಯ ಕಣೇ!" ಅತ್ತೆ ತಟ್ಟೆ ತಳ್ಳಿದ ರಭಸಕ್ಕೆ ನೀರಿನ ಲೋಟ ಉರುಳಿತು. "ಆಸ್ಪತ್ರೆಯೋರು ಇನ್ನೂ ಪರೀಕ್ಷೆ ಮಾಡ್ತಿರೋ ಮಾತ್ರೆಯಂತೆ! ಕೆಲವರಿಗೆ ಮದ್ದೇ ಇಲ್ಲದ ಸಪ್ಪೆ ಪುಡಿ ಕೊಡ್ತಾರಂತೆ... ನಾನೇನು ಇಲೀನಾ?"

"ಹಳೇ ಮಾತ್ರೆ ನಿಲ್ಲಿಸಲ್ಲ ಅತ್ತೆ, ಅದರ ಜೊತೆಗೆ ಇದು. ಬೇಡ ಅನಿಸಿದ ದಿನ ಬಿಟ್ಟುಬಿಡಬಹುದು," ಎಂದಳು ಸೊಸೆ, ಚೆಲ್ಲಿದ ನೀರು ಒರೆಸುತ್ತಾ. ಗಂಡ ಎಂದಿನಂತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅತ್ತೆಗೆ ಹರೆಯದಿಂದಲೂ ಮೂರ್ಛೆರೋಗ. ಯಾವ ಮದ್ದಿಗೂ ಅದು ಪೂರ್ತಿ ಬಗ್ಗಿರಲಿಲ್ಲ. ಅವರ ಹೊಲಿಗೆ ಅಂಗಡಿಯ ಗಿರಾಕಿಗಳಿಗೆ ಇದರ ಸುಳಿವೂ ಇರಲಿಲ್ಲ. ಈಚೆಗೆ ಗಿರಾಕಿಗಳಿಲ್ಲದ ಹೊತ್ತಲ್ಲಿ ಅಂಗಡಿಯಲ್ಲೇ ಬೀಳತೊಡಗಿದ್ದರಿಂದ, ಬೈಯುತ್ತಲೇ ಆಸ್ಪತ್ರೆಗೆ ಹೊರಟರು.

"ಬಿದ್ದಾಗ ಏನಾಗುತ್ತೆ?" ಡಾಕ್ಟರು ಕೇಳಿದರು.

"ಏನಿಲ್ಲ. ಸ್ವಲ್ಪ ತಲೆ ಸುತ್ತುತ್ತೆ."

"ಆಗ ನಿಮಗೆ ಪ್ರಜ್ಞೆ ಇರಲ್ಲಮ್ಮ. ಜೊತೇಲಿರೋರು ಹೇಳಿದ್ರೇನೇ ಹೊಸ ಮದ್ದು ನಾಟಿತೋ ಇಲ್ವೋ ಗೊತ್ತಾಗೋದು."

"ಇವಳಾ? ಇವಳು ಹಗೆ ಸಾಧಿಸ್ತಾಳೆ!"

ಸೊಸೆಯ ತಾಳ್ಮೆಯ ಕಟ್ಟೆ ಒಡೆಯಿತು. "ಹೌದು, ಹೇಳ್ತೀನಿ! ಮೊದಲು ಕೂಗ್ತಾರೆ, ಮೈಯೆಲ್ಲ ಸೆಟೆದು ಅದರುತ್ತೆ, ಬಟ್ಟೆ ಒದ್ದೆಯಾಗುತ್ತೆ... ಪಕ್ಕಕ್ಕೆ ಹೊರಳಿಸಿ ಕೂತ್ಕೋತೀನಿ. ಅವತ್ತು ಅಂಗಡೀಲಿ ಬಿದ್ದಾಗ ಇವರ ಕೈಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು ಡಾಕ್ಟ್ರೇ. ಅದು ಇವರ ಮುಖದ ಮೇಲೆ ಬೀಳೋ ಮುಂಚೆ ನಾನು ಹಿಡಿದೆ." ಅಂಗೈ ಬಿಚ್ಚಿ ಸುಟ್ಟ ಕಲೆ ತೋರಿಸಿದಳು. "ಇಸ್ತ್ರಿ ಹಾಕ್ತಿದ್ದ ರವಿಕೆ ಸುಟ್ಟುಹೋಗಿತ್ತು. ಆಮೇಲೆ ಗಿರಾಕಿಗಳು ಬಂದಾಗ, ರವಿಕೆ ಸುಟ್ಟೋಳು ನೀನೇ ಅಂತ ಎಲ್ಲರ ಮುಂದೆ ಬೈದ್ರು!"

ಅತ್ತೆ ಆ ಅಂಗೈಯನ್ನೇ ನೋಡಿದರು. ಮನೆ ಬಾಗಿಲಿಗೆ ಬಂದಮೇಲೆ, "ಮಾನ ಕಳೆದೆಯಲ್ಲೇ..." ಎಂದರು.

ಮಾತ್ರೆ ಶುರುವಾಗಿ ಕೆಲವು ವಾರ ಕಳೆದವು. ಮೂರ್ಛೆ ಕಡಿಮೆಯಾಯಿತೆಂದು ಇನ್ನೂ ಹೇಳುವಂತಿರಲಿಲ್ಲ, ಬೈಗುಳವಂತೂ ಕಡಿಮೆಯಾಗಲಿಲ್ಲ.

ಒಂದು ಬೆಳಗ್ಗೆ ಆ ರವಿಕೆಯ ಗಿರಾಕಿಯೇ ಹೊಸ ಬಟ್ಟೆ ತಂದು, "ನಿಮ್ಮ ಸೊಸೆ ಕೈಗೆ ಮಾತ್ರ ಕೊಡಬೇಡಿ!" ಎಂದು ನಕ್ಕಳು. ಅಂಗಡಿ ತುಂಬ ಹೆಂಗಸರು, ಮೂಲೆಯಲ್ಲಿ ಸೊಸೆ.

ಅತ್ತೆ ಮಿಷನ್ ನಿಲ್ಲಿಸಿದರು. "ಅದನ್ನ ಸುಟ್ಟಿದ್ದು ನಾನು. ನಂಗೆ ಮೂರ್ಛೆರೋಗ ಇದೆ. ಇವಳು ಹಿಡೀದೇ ಇದ್ದಿದ್ರೆ ನನ್ನ ಮುಖ ಉಳೀತಿರಲಿಲ್ಲ... ಬಟ್ಟೆ ಕೊಡೋದಿದ್ರೆ ಕೊಡು, ಇಲ್ಲಾಂದ್ರೆ ಹೊರಡು."

ಗಿರಾಕಿ ಗಂಟನ್ನು ಎತ್ತಿಕೊಂಡು ಹೊರಟೇಹೋದಳು. ಅವಳ ಹಿಂದೆ ಇನ್ನಿಬ್ಬರು.

"ಏನೇ ಬಾಯಿಬಿಟ್ಕೊಂಡು ನೋಡ್ತೀಯ? ಗುಂಡಿಗೆ ಕಾಜ ಹಾಕು!" ಅತ್ತೆ ಗದರಿದರು. ತಿರುಗಿ ಮಿಷನ್ ತುಳಿಯತೊಡಗಿದರು.

ಸೊಸೆಯ ಕಣ್ಣು ತುಂಬಿತು. ಕ್ಷಮಿಸುವಷ್ಟು ಮನಸ್ಸು ಇನ್ನೂ ಕರಗಿರಲಿಲ್ಲ... ಆದರೂ ಸ್ಟೂಲನ್ನು ಎಳೆದುಕೊಂಡು, ಕಾಜ ಹಾಕಲು ಮೊದಲ ಸಲ ಅತ್ತೆಯ ಪಕ್ಕದಲ್ಲೇ ಕೂತಳು.