ಮುತ್ತು ಬೆದೆಗೆ ಬಂದಳಂತೆ

"ಬೆದೆ ಎಲ್ಲಿದೆ ಮಾರಾಯ್ರೆ?"

ಪಶುವೈದ್ಯೆ ತನುಜಾ ಉದ್ದನೆಯ ಕೈಗವಸು ಕಿತ್ತು ಬಕೆಟ್ಟಿಗೆ ಎಸೆದಳು. "ಸ್ಕ್ಯಾನಿನಲ್ಲಿ ಬಲಿತ ಮೊಟ್ಟೆಯ ಸುಳಿವೇ ಇಲ್ಲ. ಮೂಡಿಗೆರೆಯಿಂದ ಜಾವಳಿಗೆ ಈ ವೀರ್ಯದ ಕ್ಯಾನ್ ಹೊತ್ಕೊಂಡು ಬರೋದು ನಿಮಗೆ ತಮಾಷೆನಾ?"

ಎಸ್ಟೇಟಿನ ಒಡೆಯ ಶಶಿಕಿರಣ್ ತನ್ನ ಹೆಣ್ಣುಕುದುರೆ ಮುತ್ತುವಿನ ಹಣೆ ಸವರುತ್ತ ನಿಂತಿದ್ದ. "ಬೆಳಿಗ್ಗೆ ಬಾಲ ಎತ್ತಿದ್ಳು ಡಾಕ್ಟ್ರೆ."

"ನೊಣ ಕಚ್ಚಿದ್ರೂ ಎತ್ತುತ್ತೆ!"

ಹೋದ ತಿಂಗಳೂ ಇದೇ ಮಾತು, ಅದರ ಹಿಂದಿನ ತಿಂಗಳೂ ಇದೇ. ಅವನ ಗಂಡುಕುದುರೆ ಭೈರ ಹೊಟ್ಟೆನೋವು ಬಂದು ಸತ್ತಿತ್ತು. ಬದುಕಿದ್ದಾಗ ತೆಗೆದಿಟ್ಟ ವೀರ್ಯದಲ್ಲಿ ಇನ್ನು ಒಂದೇ ಸಲಕ್ಕಾಗುವಷ್ಟು ಉಳಿದು, ತನುಜಾಳ ಕ್ಯಾನಿನೊಳಗೆ ಹೆಪ್ಪುಗಟ್ಟಿ ಕೂತಿತ್ತು. ಕರಗಿಸಿದರೆ ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಮುತ್ತುವಿಗೋ ವಯಸ್ಸಾಗುತ್ತಿತ್ತು. ಹೊತ್ತು ತಪ್ಪಿದರೆ ಭೈರನ ವಂಶ ಅಲ್ಲಿಗೇ ಮುಗಿಯಿತು.

"ಇನ್ನೊಂದು ಸಲ ಸುಳ್ಳು ಹೇಳಿ ಕರೆದ್ರೆ, ಬೇರೆ ಡಾಕ್ಟ್ರನ್ನ ನೋಡ್ಕೊಳ್ಳಿ."

ಅವನು ತಲೆಯೆತ್ತಿದ. ನೋಟ ಅವಳ ಮುಖದಿಂದ ಕಿವಿಗೆ ಸರಿದು ಅಲ್ಲೇ ನಿಂತಿತು. ಹೊಸ ಜುಮುಕಿ. ಕುದುರೆ ಪರೀಕ್ಷೆಗೆ ಬರುವವಳು ಜುಮುಕಿ ಯಾಕೆ ಹಾಕಿಕೊಂಡೆ ಎಂದು ತನುಜಾಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನೆಲ್ಲ ಜೀಪಿನ ಬಾಗಿಲಿನ ಮೇಲೆ ತೀರಿಸಿಕೊಂಡು ಹೊರಟಳು.

ಆಮೇಲೆ ಫೋನೇ ಇಲ್ಲ.

ತನುಜಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ಯಾನಿನ ಮುಚ್ಚಳ ತೆಗೆದು ವೀರ್ಯವನ್ನು ತಣ್ಣಗಿಡುವ ದ್ರವ ಸಾರಜನಕ ಎಷ್ಟಿದೆ ಎಂದು ನೋಡುವಳು, ಮುಚ್ಚುವಳು, ಮತ್ತೆ ನೋಡುವಳು. ಯಾರದೋ ಹಸುವಿಗೆ ಇಂಜೆಕ್ಷನ್ ಕೊಡುವಾಗಲೂ ಕಿವಿ ಫೋನಿನ ಕಡೆಗೇ.

ಕಡೆಗೊಂದು ಬೆಳಿಗ್ಗೆ ಮೆಸೇಜ್ ಬಂತು. "ಈ ಸಲ ನಿಜ. ನಿಮಗೆ ನಂಬಿಕೆ ಬರ್ಲಿ ಅಂತ ನಾನು ಎಸ್ಟೇಟಿನಲ್ಲಿ ಇರಲ್ಲ, ಕಳಸಕ್ಕೆ ಹೋಗ್ತಿದ್ದೀನಿ. ಮೇಸ್ತ್ರಿ ಪ್ರಸಾದ್ ಕುದುರೆ ಹಿಡೀತಾನೆ."

ನಾನಿರುವುದಿಲ್ಲ, ಅದಕ್ಕೇ ಇದು ನಿಜ. ಹಾಗಾದರೆ ಅವನಿದ್ದಾಗಿನ ಸುಳ್ಳುಗಳೆಲ್ಲ ಯಾತಕ್ಕೆ? ಮತ್ತೆ ಓದಿದಳು. ಕೆನ್ನೆ ಬಿಸಿಯಾಯಿತು.

ಜಾವಳಿಯಲ್ಲಿ ಕಾಫಿ ಹೂವು ಬಿರಿದು ತೋಟವೆಲ್ಲ ಬೆಳ್ಳಗಿತ್ತು. ಸ್ಕ್ಯಾನ್ ಮಾಡಿದಳು. ನಿಜವೇ! ಮೊಟ್ಟೆ ಬಲಿತು ಇನ್ನೇನು ಬಿಡುಗಡೆಯಾಗುವಂತಿತ್ತು. ಆಗುತ್ತಲೇ ವೀರ್ಯ ಒಳಗೆ ಹೋಗಬೇಕು, ಅಲ್ಲಿಯವರೆಗೆ ಕಾಯಬೇಕು. ಅವಳು ಲಾಯದಿಂದ ಕಣಕ್ಕೆ ನಡೆದಳು, ಕಣದಿಂದ ಲಾಯಕ್ಕೆ ಬಂದಳು. ಬೈಯುವುದಕ್ಕೂ ಅವನಿಲ್ಲ.

ಫೋನ್ ತೆಗೆದಳು. "ರೀ, ಮುತ್ತು ಪ್ರಸಾದನ ಕೈಗೆ ಸಿಕ್ತಿಲ್ಲ. ಒದೀತಿದ್ದಾಳೆ. ನೀವೇ ಬರ್ಬೇಕು."

ಹಗ್ಗ ಹಿಡಿದಿದ್ದ ಪ್ರಸಾದ್ ಬಾಯಿ ಬಿಟ್ಟ. "ಇವಳಾ? ನಿಂತಲ್ಲೇ ತೂಕಡಿಸ್ತಿದ್ದಾಳಲ್ಲ ಡಾಕ್ಟ್ರಮ್ಮ!"

"ನೀನು ಸುಮ್ನಿರು."

ಸ್ವಲ್ಪ ಹೊತ್ತಿಗೇ ಶಶಿಕಿರಣನ ಜೀಪು ಅಂಗಳಕ್ಕೆ ನುಗ್ಗಿತು.

"ಕಳಸದಿಂದ ಇಷ್ಟು ಬೇಗ?"

"ಬಾಳೂರು ದಾಟೋಕೆ ಮನಸ್ಸು ಬರ್ಲಿಲ್ಲ. ಅಲ್ಲೇ ಟೀ ಅಂಗಡಿಲಿ ಕೂತಿದ್ದೆ." ಅವನು ಮುತ್ತುವನ್ನು ನೋಡಿದ. "ಎಲ್ಲಿ ಒದೀತಿದ್ದಾಳೆ?"

"ಸುಳ್ಳು ಹೇಳಿದೆ. ನಿಮ್ಮಿಂದಲೇ ಕಲಿತದ್ದು."

ಅವನು ನಗಲಿಲ್ಲ. "ನಿಮ್ಮನ್ನ ಕರೆಯೋಕೆ ನನಗೆ ಬೇರೆ ನೆಪ ಗೊತ್ತಿರ್ಲಿಲ್ಲ ತನುಜಾ."

ಈ ಸಲ ಅವನು ಡಾಕ್ಟ್ರೆ ಎನ್ನಲಿಲ್ಲ. ಅವಳು ಮತ್ತೆ ಸ್ಕ್ಯಾನ್ ಮಾಡಿದಳು. "ಆಯ್ತು! ಮೊಟ್ಟೆ ಬಿಟ್ಟಿದೆ. ಬಿಸಿನೀರು ತನ್ನಿ, ಬೇಗ!"

ಹದಬಿಸಿ ನೀರಿನಲ್ಲಿ ಭೈರನ ಕಡೆಯ ಪಾಲು ಕರಗಿತು. ಶಶಿಕಿರಣ್ ಮುತ್ತುವಿನ ಕೊರಳಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ್ದ. ತನುಜಾ ಅದನ್ನು ಒಳಗೆ ಬಿಟ್ಟು ಕೆಲಸ ಮುಗಿಸಿದಳು.

"ಗರ್ಭ ನಿಲ್ಲುತ್ತಾ?"

"ಎರಡು ವಾರ ಬಿಟ್ಟು ಸ್ಕ್ಯಾನ್ ಮಾಡ್ಬೇಕು."

"ಅಲ್ಲಿವರೆಗೆ ಕರೆಯೋಕೆ ನನ್ನ ಹತ್ರ ಸುಳ್ಳೂ ಉಳಿದಿಲ್ಲ."

ಅವಳು ಕೈ ತೊಳೆಯುತ್ತ ಬೆನ್ನು ತಿರುಗಿಸಿಯೇ ಹೇಳಿದಳು. ಜುಮುಕಿ ಮಾತ್ರ ಅಲುಗುತ್ತಿತ್ತು.

"ಬಾ ಅಂದ್ರೆ ಸಾಕು ಮಾರಾಯ್ರೆ. ಅದಕ್ಕೂ ಈ ಬಡಪಾಯಿ ಬಾಲ ಎತ್ತಬೇಕಾ?"

"ಹಾಗಾದ್ರೆ ನಾಳೆ ಬಾ," ಎಂದ ಶಶಿಕಿರಣ್.