ಎರೆಹೊಲದ ಅಡ್ಡದಾರಿ

“ಮತ್ಯಾಕ ನಿಲ್ಲಿಸಿದಿ ಅಜ್ಜಾ?” ರಂಜನಾ ಹಿಂದಿನ ಸೀಟಿನಿಂದ ಸಿಡುಕಿದಳು.

“ದಾರಿ ಕೇಳೂಣು ತಡಿಯವಾ,” ಎಂದು ಗೂಳಪ್ಪಜ್ಜ ಮೊಪೆಡ್ಡಿನಿಂದ ಕಾಲು ಕೆಳಗೂರಿದ.

ಇದು ನಾಲ್ಕನೇ ಸಲ. ಕಟ್ಟೆಯ ಮೇಲೆ ಕೂತವರನ್ನೆಲ್ಲ ಅಜ್ಜ ಕೇಳುತ್ತಿದ್ದ. ಅವರು ಹೇಳಿದ್ದು ಕಿವಿಗೆ ಬೀಳದೆ “ಆಂ? ಆಂ?” ಎನ್ನುತ್ತಿದ್ದ. ಹಿಂದಿನ ಊರಿನಲ್ಲಂತೂ ಹುಡುಗರು ಅವನ ಹಾಗೇ “ಆಂ?” ಎಂದು ನಕ್ಕಿದ್ದರು. ರಂಜನಾಗೆ ಮುಖ ಎಲ್ಲಿಡಬೇಕೋ ತಿಳಿದಿರಲಿಲ್ಲ.

“ಯಾರನ್ನೂ ಕೇಳಬ್ಯಾಡ. ಅವ್ವನ ಫೋನಿನ್ಯಾಗ ಮ್ಯಾಪ್ ಐತಿ. ಇಲ್ಲೆ ಎಡಕ್ಕ ಹೊಳ್ಳಿದರ ಬರೇ ಎರಡು ಕಿಲೋಮೀಟರ್!”

ಮೊಪೆಡ್ಡಿನ ಮುಂದೆ ಬುಟ್ಟಿಯಲ್ಲಿ ಇನ್ನೂರು ರೊಟ್ಟಿ ಇದ್ದವು. ಗುಡಗೇರಿಯ ಆಚೆಗಿನ ಹಳ್ಳಿಯಲ್ಲಿ ಇವತ್ತು ಬಸುರಿಯೊಬ್ಬಳ ಕುಬಸದ ಊಟ. ರೊಟ್ಟಿ ಮಾಡಿ ಮಾರುವ ಅವ್ವನಿಗೆ ಇಷ್ಟು ದೊಡ್ಡ ಆರ್ಡರು ಸಿಕ್ಕಿದ್ದು ಇದೇ ಮೊದಲು. “ಪಂಕ್ತಿ ಕೂಡೂದರೊಳಗ ಮುಟ್ಟಿಸ್ರಿ,” ಎಂದು ಎರಡೆರಡು ಸಲ ಹೇಳಿದ್ದಳು.

ಅಜ್ಜ ಎಡಕ್ಕೆ ತಿರುಗಿಸಿದ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಎದ್ದು ಕೈ ಬೀಸಿದಳು.

“ಹೋಗಬ್ಯಾಡ್ರೀ! ರಾತ್ರಿ ಮಳಿ ಆಗೇತಿ, ಗಾಡಿ ಹುಗೀತೈತಿ!”

“ಏನಂತ ಆಕಿ?” ಎಂದ ಅಜ್ಜ.

ನಿಂತರೆ ಮತ್ತೆ ಅದೇ “ಆಂ? ಆಂ?”

“ಏನಿಲ್ಲ. ನೀ ನಡಿ ಅಜ್ಜಾ.”

“ನೇರವಾಗಿ ಹೋಗಿ,” ಎಂದಿತು ಫೋನು.

ನೂರು ಹೆಜ್ಜೆ ಹೋಗಿರಲಿಲ್ಲ, ಎರೆಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಂಡಿತು. ಗಾಲಿ ತಿರುಗಲೇ ಇಲ್ಲ. ಇಬ್ಬರ ಚಪ್ಪಲಿಗೂ ಮಣ್ಣು ಹತ್ತಿ ಇಟ್ಟಿಗೆಯಷ್ಟು ದಪ್ಪವಾಯಿತು.

ಆ ಹೆಂಗಸು ಕುಡಗೋಲು ಹಿಡಿದು ಬಂದಳು. ಕೂತು ಮಣ್ಣು ಕೆರೆಯತೊಡಗಿದಳು. “ಎಷ್ಟು ಒದರಿದ್ನೋ ಯಜ್ಜಾ! ನಿಮಗ ಕೇಳಸಲಿಲ್ಲ.”

“ನನ್ನ ಕಿವಿ ಮಂದ ಅದಾವ ತಂಗಿ. ತಪ್ಪಾತು.”

ರಂಜನಾ ತಲೆ ಎತ್ತಲಿಲ್ಲ. ಕಡ್ಡಿಯಿಂದ ಕೆರೆದಳು, ಬೆರಳಿನಿಂದ ಕೆರೆದಳು. ಅಜ್ಜ ಮೊಪೆಡ್ಡನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳಿದ. ಆ ಹೆಂಗಸು ರೊಟ್ಟಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಡಾಂಬರು ರಸ್ತೆಯ ತನಕ ತಂದುಕೊಟ್ಟಳು.

ಅವರು ಮುಟ್ಟುವಷ್ಟರಲ್ಲಿ ಮೊದಲ ಪಂಕ್ತಿ ರೊಟ್ಟಿ ಇಲ್ಲದೆಯೇ ಎದ್ದಿತ್ತು.

“ಇದೇನ್ರಿ ಅಜ್ಜಾರ, ಇಷ್ಟೊತ್ತಿಗೆ?” ಮನೆಯ ಯಜಮಾನ ಸಿಟ್ಟಿನಿಂದ ಕೇಳಿದ. “ದಾರ್ಯಾಗ ಯಾರನ್ನರ ಕೇಳಬಾರದೇನ್ರಿ? ಇನ್ನೊಮ್ಮೆ ನಿಮಗ ರೊಟ್ಟಿ ಹೇಳೂದು ಹೆಂಗ?”

“ರೊಟ್ಟಿ ಮಾಡಿದಾಕಿ ತಪ್ಪಲ್ರಿ. ನನಗ ಕಿವಿ ಕೇಳಂಗಿಲ್ಲ,” ಎಂದ ಅಜ್ಜ.

ಯಾರೋ ಹಿಂದಿನಿಂದ “ಆಂ?” ಎಂದರು. ಎಲ್ಲರೂ ನಕ್ಕರು. ಮೊಣಕಾಲ ತನಕ ಕೆಸರಾಗಿದ್ದ ಅಜ್ಜನೂ ನಕ್ಕ.

ರಂಜನಾ ಅಜ್ಜನ ಕೆಸರಾದ ಕಾಲು ನೋಡಿದಳು.

“ಆಕಿ ಹೋಗಬ್ಯಾಡ ಅಂದದ್ದು ನನಗ ಕೇಳಿಸಿತ್ತು,” ಎಂದಳು. ದನಿ ತೀರ ಸಣ್ಣದಾಗಿತ್ತು.

ಅಜ್ಜ ಕಿವಿಗೆ ಕೈ ಹಚ್ಚಿ ಬಾಗಿದ. “ಆಂ?”

ಈ ಸಲ ಅವಳು ಸಿಡುಕಲಿಲ್ಲ. ಅಜ್ಜನ ಕಿವಿಯ ಹತ್ತಿರ ಹೋದಳು. ಅಂಗಳದವರಿಗೆಲ್ಲ ಕೇಳುವಷ್ಟು ಜೋರಾಗಿ ಅದನ್ನೇ ಇನ್ನೊಮ್ಮೆ ಹೇಳಿದಳು.